ಎಸೆದ ವಸ್ತು ಯಾರ ಕೈ ಸೇರುತ್ತದೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯಾಭ್ಯಾಸದ ಸಂಘದ ವೇದಿಕೆಯಲ್ಲಿ ಕಸದ ವಿಷಯ ಯಾಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಇಲ್ಲಿ ಸಾಮಾನ್ಯವಾಗಿ ಪರೀಕ್ಷೆ, ಅಂಕ, ವಿದ್ಯಾರ್ಥಿವೇತನ, ಸಿ.ಇ.ಟಿ., ಉದ್ಯೋಗ ಮುಂತಾದವುಗಳ ಬಗ್ಗೆ ಮಾತಾಗುತ್ತದೆ. ಆದರೆ ಶಾಲೆ ಕಲಿತವರ ಮನೆಯಿಂದ ಹೊರಬಿದ್ದ ವಸ್ತು ಶಾಲೆ ಬಿಟ್ಟ ಹುಡುಗನ ಕೈಗೆ ಹೋಗಿ ಅವನಿಗೆ ಕೇಡು ಮಾಡಿದರೆ ಅದು ಖಂಡಿತವಾಗಿಯೂ ಶಿಕ್ಷಣದ ಪ್ರಶ್ನೆ. ಆದ್ದರಿಂದ ಈ ವಿಷಯವನ್ನು ಇಲ್ಲಿಯೇ ಹೇಳಬೇಕೆಂದು ನನಗೆ ತೋರಿತು.

ಮೊದಲಿಗೆ ನಮ್ಮ ಐವರ್ನಾಡಿನ ಯಾವುದೇ ಒಂದು ಮನೆಯ ಅಟ್ಟವನ್ನು ನೆನಪಿಸಿಕೊಳ್ಳಿ. ಅಲ್ಲಿ ಒಂದು ಹಳೆಯ ಡಬ್ಬಾ ಟಿ.ವಿ. ಇರುತ್ತದೆ. ಗಲ್ಫಿನಿಂದ ಬಂದ ಅಣ್ಣನೋ ಮಾವನೋ ತಂದುಕೊಟ್ಟ ಟೇಪ್‌ರೆಕಾರ್ಡರ್, ಕಾರ್ಡ್‌ಲೆಸ್ ಫೋನ್, ಎಮರ್ಜೆನ್ಸಿ ಲ್ಯಾಂಪ್ ಇರುತ್ತವೆ. ಮೇಜಿನ ಖಾನೆಯಲ್ಲಿ ಮೂರೋ ನಾಲ್ಕೋ ಸತ್ತ ಮೊಬೈಲುಗಳು, ಅವುಗಳಿಗೆ ಹೊಂದದ ಚಾರ್ಜರುಗಳು ಇರುತ್ತವೆ. ಮಳೆಗಾಲದಲ್ಲಿ ನಮ್ಮ ತಾಲೂಕಿನ ಕರೆಂಟಿನ ಅವಸ್ಥೆ ನಿಮಗೆ ಗೊತ್ತೇ ಇದೆ. ಹಾಗಾಗಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ, ಸಾಲದ್ದಕ್ಕೆ ಸೋಲಾರ್ ದೀಪದ ಬ್ಯಾಟರಿ. ಹಿತ್ತಿಲಲ್ಲಿ ಉರಿಯದ ಟ್ಯೂಬ್‌ಲೈಟು, ಸಿ.ಎಫ್.ಎಲ್. ಬಲ್ಬುಗಳು. ತೋಟಕ್ಕೆ ಹೋದರೆ ಔಷಧದ ಖಾಲಿ ಬಾಟಲಿ, ರಬ್ಬರ್ ಮರಕ್ಕೆ ಕಟ್ಟಿದ್ದ ಹರಿದ ಪ್ಲಾಸ್ಟಿಕ್, ಅಡಿಕೆ ಅಂಗಳದ ಹಳೆಯ ಟಾರ್ಪಾಲು. ಇಪ್ಪತ್ತೈದು ವರ್ಷಗಳ ಹಿಂದೆ ಇವುಗಳಲ್ಲಿ ಅರ್ಧದಷ್ಟೂ ನಮ್ಮ ಮನೆಗಳಲ್ಲಿ ಇರಲಿಲ್ಲ. ವಸ್ತುಗಳು ಬಂದವು, ಆದರೆ ಅವುಗಳನ್ನು ಕಳುಹಿಸಿಕೊಡುವ ಕ್ರಮ ನಮಗೆ ಬರಲಿಲ್ಲ.

ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ, ಅಂದರೆ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಉಳಿದದ್ದು ಎಲ್ಲಿಗೆ ಹೋಯಿತು? ನಿಮ್ಮ ಮನೆಯ ಹಳೆಯ ಸಾಮಾನು ಹೋದಲ್ಲಿಗೇ ಹೋಯಿತು.

ನಮ್ಮಲ್ಲಿ ಹಳೆಯ ಸಾಮಾನು ಹೋಗುವ ದಾರಿ ಮೂರು. ಒಂದು ಬೆಂಕಿ, ಎರಡನೆಯದು ಮಣ್ಣು ಮತ್ತು ನೀರು, ಮೂರನೆಯದು ಗುಜರಿ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲು ಬೆಂಕಿ. ಬಿಸಿನೀರಿನ ಹಂಡೆಯ ಒಲೆ ನಮ್ಮ ಮನೆಗಳಲ್ಲಿ ಎಲ್ಲವನ್ನೂ ನುಂಗುವ ಬಾಯಿ. ತೆಂಗಿನ ಮಡಲು, ಅಡಿಕೆ ಸಿಪ್ಪೆಯ ಜೊತೆಗೆ ಬಿಸ್ಕತ್ತಿನ ಕವರು, ಹಾಲಿನ ತೊಟ್ಟೆ, ಥರ್ಮಾಕೋಲು, ಕೆಲವೊಮ್ಮೆ ಟಾರ್ಚಿನ ಸೆಲ್ಲು ಕೂಡ ಅದಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಉರಿದು ಕಾಣದಂತಾಗುತ್ತದೆ ಎಂಬುದು ನಿಜ. ಆದರೆ ವಯರಿನ ಮೇಲಿನ ಪಿ.ವಿ.ಸಿ. ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕ್ಯಾನ್ಸರ್ ತರಬಲ್ಲದು. ಇನ್ನು ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಬೆಂಕಿಯಲ್ಲಿ ನಾಶವಾಗುವುದಿಲ್ಲ. ಸ್ವಲ್ಪ ಹೊಗೆಯಲ್ಲಿ ಹೋದರೆ ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಆ ಬೂದಿಯನ್ನು ನಾವು ಏನು ಮಾಡುತ್ತೇವೆ? ಬಸಳೆಯ ಬುಡಕ್ಕೆ ಹಾಕುತ್ತೇವೆ, ತೆಂಗಿನ ಬುಡಕ್ಕೆ ಹಾಕುತ್ತೇವೆ. ಕೆಲವು ಮನೆಗಳಲ್ಲಿ ಈಗಲೂ ಪಾತ್ರೆ ತಿಕ್ಕುತ್ತಾರೆ. ಅಂದರೆ ನಾವು ಒಲೆಗೆ ಎಸೆದದ್ದು ಬಸಳೆಯ ಗಸಿಯಾಗಿ ಮತ್ತೆ ನಮ್ಮ ಬಟ್ಟಲಿಗೆ ಬರಬಹುದು. ಆ ಒಲೆಯ ಮುಂದೆ ಕೂತು ಊದುವವರು ಮನೆಯ ತಾಯಂದಿರು ಎಂಬುದನ್ನೂ ಮರೆಯಬಾರದು.

ಎರಡನೆಯದು ಮಣ್ಣು ಮತ್ತು ನೀರು. ಒಡೆದ ಟ್ಯೂಬ್‌ಲೈಟನ್ನು ಹೊಂಡ ತೋಡಿ ಹೂಳುವುದು, ಹಳೆಯ ಟಿ.ವಿ.ಯನ್ನು ಗುಡ್ಡದ ಬದಿಗೆ ಎಸೆಯುವುದು, ಬಾಟಲಿಗಳನ್ನು ತೋಡಿಗೆ ಬಿಡುವುದು ಇವೆಲ್ಲ ನಾವು ಕಾಣುವಂಥದ್ದೇ. ಡಬ್ಬಾ ಟಿ.ವಿ.ಯ ಗಾಜಿನ ಕೊಳವೆಯಲ್ಲಿ ಸೀಸವಿದೆ. ಟ್ಯೂಬ್‌ಲೈಟು ಮತ್ತು ಸಿ.ಎಫ್.ಎಲ್. ಒಳಗೆ ಪಾದರಸವಿದೆ. ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ ಇದ್ದರೂ ಮುಚ್ಚಿದ ಕೋಣೆಯಲ್ಲಿ ಒಡೆದರೆ ಅದರ ಆವಿ ಉಸಿರಿಗೆ ಸೇರುತ್ತದೆ. ಹಳೆಯ ಕಾರ್ಡ್‌ಲೆಸ್ ಫೋನುಗಳ ಬ್ಯಾಟರಿಯಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಬೀಳುವ ಮಳೆ ಈ ಯಾವುದನ್ನೂ ಇದ್ದಲ್ಲಿ ಇರಗೊಡುವುದಿಲ್ಲ. ಗುಡ್ಡದ ನೀರು ತೋಡಿಗೆ, ತೋಡಿನ ನೀರು ಹೊಳೆಗೆ. ಸುಳ್ಯದ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ತುಂಬೆಯ ಅಣೆಕಟ್ಟಿನಲ್ಲಿ ಮಂಗಳೂರಿಗೆ ಕುಡಿಯುವ ನೀರಾಗುತ್ತದೆ. ನಮ್ಮ ಬಾವಿಗಳಂತೂ ಹತ್ತು ಹೆಜ್ಜೆ ದೂರದಲ್ಲಿಯೇ ಇವೆ.

ಮಣ್ಣಿಗೆ, ನೀರಿಗೆ ಬಿಟ್ಟದ್ದು ತಿರುಗಿ ಬರುತ್ತದೆ ಎಂಬುದನ್ನು ನಮ್ಮ ಜಿಲ್ಲೆಗೆ ಬೇರೆಯವರು ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನ ಹೆಸರು ಕೇಳಿದರೆ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳು ಈಗಲೂ ನಡುಗುತ್ತವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಆದರೆ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರ ಪಾಲಿಗೆ ಅದು ಮುಗಿದ ಕತೆಯಲ್ಲ. ಹಾಗೆಯೇ 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರದ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಕಸದ ಅಡಿಯಲ್ಲಿ ಮುಚ್ಚಿಹೋದವು. ಹಲವು ಕುಟುಂಬಗಳು ತಲೆತಲಾಂತರದ ಮನೆ ಬಿಟ್ಟು ಹೊರಡಬೇಕಾಯಿತು. ಆ ಕಸ ಮಂದಾರದವರದ್ದಲ್ಲ, ನಗರದವರದ್ದು. ಎಸೆದವರು ಯಾರೋ, ಅನುಭವಿಸಿದವರು ಯಾರೋ.

ಇನ್ನು ಮೂರನೆಯ ದಾರಿ, ಗುಜರಿ. ಭಾಷೆ ಕಲಿಸುವವನಾದ್ದರಿಂದ ಈ ಪದದ ಬಗ್ಗೆ ಎರಡು ಮಾತು ಹೇಳುತ್ತೇನೆ. ಉರ್ದುವಿನಲ್ಲಿ ‘ಗುಜರ್‌ನಾ’ ಎಂದರೆ ಹಾದುಹೋಗುವುದು. ದಾರಿಹೋಕರಿಗಾಗಿ ರಸ್ತೆಯ ಬದಿಯಲ್ಲಿ ನೆರೆಯುವ ಸಂತೆಗೆ ಅಲ್ಲಿ ‘ಗುಜರೀ’ ಎನ್ನುತ್ತಿದ್ದರು. ಪದದಲ್ಲಿಯೇ ವಿಷಯ ಅಡಗಿದೆ. ಗುಜರಿಗೆ ಹಾಕಿದ ವಸ್ತು ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಹಾದು ಮುಂದಕ್ಕೆ ಹೋಗುತ್ತದೆ. ಗುಜರಿಯವನು ಕಿಲೋಗೆ ಇಷ್ಟೆಂದು ದುಡ್ಡು ಕೊಟ್ಟು ಹೋದ ಕೂಡಲೇ ನಮ್ಮ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಅವನ ಕೆಲಸ ಆಗ ಶುರುವಾಗುತ್ತದೆ.

ಗುಜರಿ ವ್ಯಾಪಾರ ಕೀಳಾದ ಕೆಲಸವೆಂದು ನಾನು ಹೇಳುವುದಿಲ್ಲ. ನಮ್ಮ ಸಮುದಾಯದ ಹಲವು ಕುಟುಂಬಗಳು ಈ ಕೆಲಸದಿಂದಲೇ ಮಕ್ಕಳನ್ನು ಓದಿಸಿವೆ, ಮದುವೆ ಮಾಡಿಸಿವೆ. ಕಬ್ಬಿಣ, ಕಾಗದ, ಪ್ಲಾಸ್ಟಿಕ್ ಮತ್ತೆ ಕಾರ್ಖಾನೆ ಸೇರುವುದು ಅವರಿಂದಲೇ. ಅವರಿಲ್ಲದಿದ್ದರೆ ನಮ್ಮ ರಸ್ತೆಗಳ ಬದಿ ಇಷ್ಟಾದರೂ ಚೊಕ್ಕಟವಾಗಿ ಇರುತ್ತಿರಲಿಲ್ಲ. ಆದರೆ ಹಳೆಯ ಕಬ್ಬಿಣದ ಬಾಗಿಲಿಗೂ ಹಳೆಯ ಕಂಪ್ಯೂಟರಿಗೂ ವ್ಯತ್ಯಾಸವಿದೆ. ವಯರಿನೊಳಗೆ ತಾಮ್ರವಿದೆ, ಅದನ್ನು ಬೇಗ ತೆಗೆಯಲು ಬೆಂಕಿ ಹಚ್ಚುತ್ತಾರೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ, ಅದನ್ನು ತೆಗೆಯಲು ಒಡೆದು ಆಮ್ಲವನ್ನು ನೆಲಕ್ಕೆ ಚೆಲ್ಲುತ್ತಾರೆ. ಸರ್ಕಿಟ್ ಬೋರ್ಡಿನಲ್ಲಿ ಚಿನ್ನದ ಅಂಶವಿದೆ. ನಮ್ಮ ರಾಜ್ಯದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕೊನೆಯ ವರ್ಷಗಳಲ್ಲಿ ಅಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಅದು ನೂರು ಗ್ರಾಮಿಗೂ ಮೀರಿ ಇರುತ್ತದೆ. ಈ ಆಸೆಗೆ ನಗರದ ಹಿಂದಿನ ಗಲ್ಲಿಗಳಲ್ಲಿ ಕೈಗವಸು ಇಲ್ಲದೆ, ಮುಖಕ್ಕೆ ಬಟ್ಟೆಯೂ ಇಲ್ಲದೆ ಆಮ್ಲದ ಬಕೆಟ್ಟಿನಲ್ಲಿ ಬೋರ್ಡುಗಳನ್ನು ಅದ್ದುತ್ತಾರೆ. ಹಾಗೆ ಅದ್ದುವವರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲನ್ನು ಅರ್ಧಕ್ಕೆ ಇಳಿದವರು.

ಈಗ ಸೀಸದ ಬಗ್ಗೆ ಶಿಕ್ಷಕನಾಗಿ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎಂಬ ಮಿತಿಯೇ ಇಲ್ಲ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಮಗುವಿನ ದೇಹ ಹೀರಿಕೊಳ್ಳುತ್ತದೆ. ಅದು ನೇರವಾಗಿ ಬೆಳೆಯುವ ಮಿದುಳಿಗೆ ಪೆಟ್ಟು ಕೊಡುತ್ತದೆ. ಬುದ್ಧಿಶಕ್ತಿ ಕುಗ್ಗುತ್ತದೆ, ಗಮನ ನಿಲ್ಲುವುದಿಲ್ಲ, ನಡತೆಯಲ್ಲಿ ಸಿಡುಕು ಬರುತ್ತದೆ. 2020ರಲ್ಲಿ ಯುನಿಸೆಫ್ ಹೊರತಂದ ವರದಿಯ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ, ಅಂದರೆ ಸುಮಾರು 80 ಕೋಟಿ ಮಕ್ಕಳಲ್ಲಿ, ಚಿಂತೆಪಡಬೇಕಾದಷ್ಟು ಸೀಸವಿದೆ. ಇದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ಹಳೆಯ ಬ್ಯಾಟರಿಗಳನ್ನು ಕ್ರಮವಿಲ್ಲದೆ ಒಡೆದು ಕರಗಿಸುವುದು. ತರಗತಿಯಲ್ಲಿ ಒಬ್ಬ ಹುಡುಗನಿಗೆ ಪಾಠ ತಲೆಗೆ ಹೋಗದಿದ್ದರೆ ನಾವು ಅವನನ್ನು ದಡ್ಡ ಎನ್ನುತ್ತೇವೆ. ಅವನ ಅಪ್ಪ ಬ್ಯಾಟರಿ ಒಡೆಯುವ ಕೆಲಸದಿಂದ ಸಂಜೆ ಅದೇ ಬಟ್ಟೆಯಲ್ಲಿ ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ ಎಂಬುದು ನಮಗೆ ಹೊಳೆಯುವುದಿಲ್ಲ. ನಾವು ಎಷ್ಟು ವಿದ್ಯಾರ್ಥಿವೇತನ ಕೊಟ್ಟರೂ ಈ ನಷ್ಟವನ್ನು ತುಂಬಿಕೊಡಲಾರೆವು.

ಕಲಿತವರ ಅಜಾಗ್ರತೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2010ರಲ್ಲಿ ದೆಹಲಿಯಲ್ಲಿ ನಡೆದ ಒಂದು ಘಟನೆ ಸಾಕು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಬಹಳ ವರ್ಷಗಳಿಂದ ಉಪಯೋಗವಿಲ್ಲದೆ ಬಿದ್ದಿದ್ದ ಒಂದು ಯಂತ್ರವನ್ನು ಹಳೆಯ ಸಾಮಾನಿನ ಜೊತೆ ಹರಾಜು ಹಾಕಿದರು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಇತ್ತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಕೆಲಸದವರು ಅದನ್ನು ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡ. ಒಳಗೆ ಏನಿದೆ ಎಂದು ತಿಳಿಯಬಲ್ಲ ವಿದ್ವಾಂಸರು ಇದ್ದದ್ದು ಮಾರಿದ ಕಡೆ. ತಿಳಿಯದೆ ಸತ್ತದ್ದು ಕೊಂಡ ಕಡೆ. ನಮ್ಮ ಮನೆಯ ಸಾಮಾನುಗಳಲ್ಲಿ ಕೋಬಾಲ್ಟ್ ಇಲ್ಲ ನಿಜ. ಆದರೆ ಗೊತ್ತಿರುವವರು ಸುಮ್ಮನಿದ್ದು ಗೊತ್ತಿಲ್ಲದವರ ಕೈಗೆ ಕೊಡುವ ಕ್ರಮ ನಮ್ಮಲ್ಲಿಯೂ ಅದೇ.

ಹಾಗಾದರೆ ದಾರಿ ಇಲ್ಲವೇ? ಇದೆ. ನಮ್ಮದೇ ರಾಜ್ಯದಲ್ಲಿ ಇದೆ. ಬೆಂಗಳೂರಿನ ಹತ್ತಿರ ಡಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಸಂಸ್ಥೆ ಸರಕಾರದ ಅನುಮತಿ ಪಡೆದು ಇ-ತ್ಯಾಜ್ಯ ಮರುಬಳಕೆ ಮಾಡಿದ ದೇಶದ ಮೊದಲ ಘಟಕ. ಇದಕ್ಕಿಂತಲೂ ನಮಗೆ ಹತ್ತಿರವಾದ ಉದಾಹರಣೆ ಬೆಂಗಳೂರಿನ ಗೌರಿಪಾಳ್ಯದಂಥ ಬಡಾವಣೆಗಳದ್ದು. ಅಲ್ಲಿ ಸಣ್ಣ ಸಣ್ಣ ಮನೆಗಳಲ್ಲಿಯೇ ಹಳೆಯ ಕಂಪ್ಯೂಟರುಗಳನ್ನು ಬಿಚ್ಚುತ್ತಿದ್ದವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. 2000ದ ದಶಕದಲ್ಲಿ ಜರ್ಮನಿಯ ಜಿ.ಟಿ.ಝಡ್. ಮೊದಲಾದ ಸಂಸ್ಥೆಗಳ ನೆರವಿನಿಂದ ಅವರಲ್ಲಿ ಕೆಲವರು ಒಟ್ಟುಗೂಡಿದರು, ತರಬೇತಿ ಪಡೆದರು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯ ದಾರಿಗೆ ಬಂದರು. ಬಿಚ್ಚುವ ಕೆಲಸ ತಮ್ಮದು, ರಾಸಾಯನಿಕದ ಕೆಲಸ ಯಂತ್ರವಿರುವ ಕಾರ್ಖಾನೆಯದ್ದು ಎಂಬ ಕ್ರಮಕ್ಕೆ ಒಪ್ಪಿದರು. ಅದೇ ಕೈ, ಅದೇ ಕಸುಬು. ತಿಳಿವಳಿಕೆ ಮತ್ತು ಒಂದು ಅನುಮತಿ ಪತ್ರ ಸೇರಿದಾಗ ಕಸುಬಿನ ಮರ್ಯಾದೆಯೇ ಬೇರೆಯಾಯಿತು. ನಮ್ಮ ಊರಿನ ಗುಜರಿ ವ್ಯಾಪಾರಿಗಳಿಗೂ ಇದು ಸಾಧ್ಯ. ಅರ್ಜಿ ಬರೆಯಲು, ನಿಯಮ ಓದಿ ಹೇಳಲು ನಮ್ಮಲ್ಲಿ ಪದವೀಧರರು ಇದ್ದಾರಲ್ಲ!

ಕಾನೂನು ಕೂಡ ಈಗ ಗಟ್ಟಿಯಾಗಿದೆ. ಇ-ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮಗಳು 2011ರಲ್ಲಿ ಬಂದವು, 2016ರಲ್ಲಿ ಬದಲಾದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಬ್ಯಾಟರಿಗಳಿಗೆ 2001ರ ನಿಯಮದ ಬದಲಿಗೆ 2022ರಲ್ಲಿ ಹೊಸ ನಿಯಮ ಬಂತು. ಇವುಗಳ ಸಾರ ಎರಡೇ ಮಾತು: ವಸ್ತು ತಯಾರಿಸಿದ ಕಂಪೆನಿಯೇ ಅದರ ಮರುಬಳಕೆಗೂ ಹೊಣೆ, ಬಳಸಿದವನು ಬ್ಯಾಟರಿಯನ್ನು ಬೇರೆ ಕಸದ ಜೊತೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾನೂನಿನಂತೆ 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಡುವಂತಿಲ್ಲ, 18 ದಾಟದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕಾನೂನು ಪುಸ್ತಕದಲ್ಲಿ ಇದ್ದರೆ ಸಾಲದು, ಅದು ನಮ್ಮ ಅಡುಗೆಮನೆಯ ತನಕ ಬರಬೇಕು.

ಈಗ ಮನೆಯಲ್ಲಿ ಮಾಡಬೇಕಾದದ್ದನ್ನು ಹೇಳುತ್ತೇನೆ. ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ.

ಒಂದು: ರಿಪೇರಿ ಆಗುವುದನ್ನು ರಿಪೇರಿ ಮಾಡಿಸಿ. ಹೊಸ ಮೊಬೈಲಿನ ಆಸೆಗೆ ಹಳೆಯದನ್ನು ಸಾಯಿಸಬೇಡಿ. ನಮ್ಮ ಪೇಟೆಯ ರಿಪೇರಿ ಅಂಗಡಿಯ ಹುಡುಗನಿಗೂ ಅದು ಅನ್ನ.

ಎರಡು: ಒಂದು ಮುಚ್ಚಳವಿರುವ ಡಬ್ಬವನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಸೆಲ್ಲು, ಮೊಬೈಲ್ ಬ್ಯಾಟರಿ, ಚಾರ್ಜರ್ ಎಲ್ಲ ಅದರಲ್ಲಿಯೇ ಬೀಳಲಿ. ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಅದಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದನ್ನು ಡಬ್ಬಕ್ಕೂ ಹಾಕಬೇಡಿ, ಒಂದು ಪಾತ್ರೆಯಲ್ಲಿ ಒಣ ಮರಳಿನ ನಡುವೆ ಮನೆಯ ಹೊರಗಿಟ್ಟು ಬೇಗ ಕೊಟ್ಟುಬಿಡಿ.

ಮೂರು: ಗಡಿಯಾರ, ಆಟಿಕೆ, ರಿಮೋಟುಗಳ ಗುಂಡಿಯಂಥ ಸಣ್ಣ ಸೆಲ್ಲಿನ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಬಾಳೆಹಣ್ಣು ತಿನ್ನಿಸಿ ಕಾಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ನಾಲ್ಕು: ಇನ್ವರ್ಟರ್, ವಾಹನದ ಬ್ಯಾಟರಿಗಳನ್ನು ಹೊಸದು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ. ಹಳೆಯದಕ್ಕೆ ಬೆಲೆ ಕಳೆಯುತ್ತಾರೆ, ರಶೀದಿ ಕೇಳಿ ಪಡೆಯಿರಿ. ನೂರಿನ್ನೂರು ಹೆಚ್ಚು ಸಿಗುತ್ತದೆಂದು ಮನೆ ಹಿಂದೆ ಒಡೆಯುವವರಿಗೆ ಕೊಡಬೇಡಿ.

ಐದು: ಟ್ಯೂಬ್‌ಲೈಟು ಮತ್ತು ಸಿ.ಎಫ್.ಎಲ್. ಒಡೆಯದಂತೆ ಹೊಸದು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇಡಿ. ಒಡೆದರೆ ಕಿಟಕಿ ಬಾಗಿಲು ತೆರೆದು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಬನ್ನಿ. ಆಮೇಲೆ ಪೊರಕೆ ಬಳಸದೆ ರಟ್ಟಿನ ತುಂಡಿನಿಂದ ಚೂರುಗಳನ್ನು ಎತ್ತಿ.

ಆರು: ಮೊಬೈಲು, ಕಂಪ್ಯೂಟರ್ ಕೊಡುವ ಮೊದಲು ಸಿಮ್, ಮೆಮೊರಿ ಕಾರ್ಡು ತೆಗೆದು, ಒಳಗಿನ ಚಿತ್ರ, ಖಾತೆ, ಬ್ಯಾಂಕಿನ ವಿವರ ಅಳಿಸಿ. ಮನೆಯ ಹೆಣ್ಣುಮಕ್ಕಳ ಚಿತ್ರ ಅನ್ಯರ ಕೈಗೆ ಹೋಗುವುದು ಯಾರಿಗೆ ಬೇಕು?

ಏಳು: ಹಾಲಿನ ತೊಟ್ಟೆ, ಬಾಟಲಿಗಳನ್ನು ತೊಳೆದು ಒಣಗಿಸಿ ಪಂಚಾಯತಿನ ಸ್ವಚ್ಛ ವಾಹಿನಿಗೆ ಕೊಡಿ. ನಮ್ಮ ಜಿಲ್ಲೆಯ ಪಂಚಾಯತುಗಳಲ್ಲಿ ಈ ವಾಹನದ ಹಿಂದೆ ನಮ್ಮ ನಿಮ್ಮಂಥ ಮನೆಯ ಸ್ತ್ರೀಶಕ್ತಿ, ಸಂಜೀವಿನಿ ಗುಂಪಿನ ಮಹಿಳೆಯರು ದುಡಿಯುತ್ತಾರೆ. ಒಣ ಕಸವನ್ನು ಅವರು ಕೈಯಿಂದಲೇ ವಿಂಗಡಿಸಬೇಕು. ಅದರ ಜೊತೆ ಮೀನಿನ ನೀರು, ಒಡೆದ ಗಾಜು, ಮಕ್ಕಳ ಡಯಾಪರ್ ಸೇರಿಸಿ ಕಟ್ಟಿ ಕೊಡುವುದು ಮನುಷ್ಯರಿಗೆ ಮಾಡುವ ಅವಮಾನ. ಔಷಧದ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ಮತ್ತೆ ಬಳಸಲಾಗದಂತೆ ತೂತು ಮಾಡಿ.

ಎಂಟು: ಮದುವೆ, ಊಟದ ಸಮಾರಂಭಗಳಲ್ಲಿ ಥರ್ಮಾಕೋಲ್ ತಟ್ಟೆ, ಸಣ್ಣ ನೀರಿನ ಬಾಟಲಿ ಯಾಕೆ? ಅಡಿಕೆ ಹಾಳೆಯ ತಟ್ಟೆ ಹುಟ್ಟಿದ ನಾಡು ನಮ್ಮದು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲಿ ನಿಷೇಧವೂ ಇದೆ.

ಇನ್ನು ಸಂಘಕ್ಕೆ ನನ್ನದೊಂದು ಸಲಹೆ. ಡಬ್ಬದಲ್ಲಿ ಕೂಡಿಟ್ಟದ್ದನ್ನು ಒಂದೊಂದು ಮನೆಯವರು ಮಂಗಳೂರಿಗೆ ಕೊಂಡುಹೋಗಲಾರರು, ಎರಡು ಕಿಲೋಗೆ ಯಾವ ಘಟಕದವರೂ ಐವರ್ನಾಡಿಗೆ ಬರಲಾರರು. ಆದರೆ ಇನ್ನೂರು ಮನೆಯದ್ದು ಒಟ್ಟಾದರೆ ಒಂದು ಟೆಂಪೊ ತುಂಬುತ್ತದೆ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಸಂಗ್ರಹದ ದಿನ ಗೊತ್ತು ಮಾಡೋಣ. ಪಂಚಾಯತಿಗೆ ಮೊದಲೇ ತಿಳಿಸೋಣ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆದವರ ಪಟ್ಟಿ ತರಿಸಿಕೊಂಡು ಅವರಿಗೇ ತೂಕ ಮಾಡಿ ಕೊಡೋಣ. ನಮ್ಮ ಊರಿನ ಗುಜರಿ ವ್ಯಾಪಾರಿಗಳನ್ನು ದೂರ ಇಡದೆ ಅವರನ್ನೇ ಈ ಕೆಲಸದ ಮುಂದಾಳುಗಳನ್ನಾಗಿ ಮಾಡೋಣ. ಸಾಗಿಸುವ ವಾಹನ, ತೂಕದ ಅನುಭವ ಇರುವುದು ಅವರಿಗೆ. ಬಂದ ದುಡ್ಡು ಎಷ್ಟೇ ಇರಲಿ, ರಶೀದಿಯ ಸಮೇತ ಲೆಕ್ಕ ಬರೆದು, ಶಾಲೆ ಬಿಟ್ಟ ಹುಡುಗರನ್ನು ಮತ್ತೆ ಪರೀಕ್ಷೆಗೆ ಕೂರಿಸುವ ಖರ್ಚಿಗೆ ಇಡೋಣ.

ಎಂಟನೆಯಿಂದ ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಕೆಲಸ. ರಜೆಯಲ್ಲಿ ನಿಮ್ಮ ನೆರೆಯ ಹತ್ತು ಮನೆಗಳಿಗೆ ಹೋಗಿ, ಜಾತಿ ಮತ ನೋಡದೆ ಎಲ್ಲರ ಮನೆಗೂ ಹೋಗಿ, ಹಾಳಾದ ಮೊಬೈಲ್ ಎಷ್ಟು, ಬ್ಯಾಟರಿ ಎಷ್ಟು, ಟ್ಯೂಬ್ ಎಷ್ಟು ಎಂದು ಪುಸ್ತಕದಲ್ಲಿ ಬರೆದು ತನ್ನಿ. ಸುಟ್ಟರೆ ಏನಾಗುತ್ತದೆ ಎಂಬುದನ್ನು ಅಜ್ಜಿಯರಿಗೆ ಅವರ ಭಾಷೆಯಲ್ಲಿ, ಬ್ಯಾರಿಯಲ್ಲೋ ತುಳುವಿನಲ್ಲೋ ಅರೆಭಾಷೆಯಲ್ಲೋ ಹೇಳಿ. ನಿಮ್ಮ ಬಾಯಿಂದ ಬಂದ ಮಾತನ್ನು ಅವರು ನನ್ನ ಭಾಷಣಕ್ಕಿಂತ ಹೆಚ್ಚು ನಂಬುತ್ತಾರೆ.

ಕೊನೆಯದಾಗಿ ಇನ್ನೊಂದು ಪದ. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ನಮ್ಮ ವಶಕ್ಕೆ ಕೊಟ್ಟ ವಸ್ತು. ಅದೇ ಪದ ಕನ್ನಡಕ್ಕೆ ಬಂದು ಸರಕಾರಿ ಕಚೇರಿಗಳಲ್ಲಿ ‘ಅಮಾನತು’ ಆಯಿತು. ನೌಕರನನ್ನು ಕೆಲಸದಿಂದ ತಡೆದಿಡುವುದಕ್ಕೆ ಈಗ ಆ ಮಾತು ಬಳಸುತ್ತೇವೆ. ಈ ಗುಡ್ಡ, ಈ ತೋಡು, ಈ ಬಾವಿಯ ನೀರು ಹಳೆಯ ಅರ್ಥದ ಅಮಾನತ್ ಆಗಿ ನಮ್ಮ ಕೈಯಲ್ಲಿವೆ. ನಮ್ಮ ಸಾಮಾನನ್ನು ಬಿಚ್ಚುವ ಆ ಹುಡುಗನ ಆರೋಗ್ಯವೂ ಹಾಗೆಯೇ. ಮುಂದಿನ ಸಲ ಒಂದು ಸತ್ತ ಸೆಲ್ಲನ್ನು ಕೈಗೆತ್ತಿಕೊಂಡಾಗ ಎಲ್ಲಿಗೆ ಎಸೆಯಲಿ ಎಂದು ನೋಡುವ ಮೊದಲು ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಿ. ಅಷ್ಟು ಮಾಡಿದರೆ ನಾನು ಇಲ್ಲಿ ನಿಂತು ಮಾತಾಡಿದ್ದು ಸಾರ್ಥಕ.